ಅಮೆರಿಕದ ರಾಜಕೀಯ, ಅಲ್ಲಿನ ಟಿವಿ, ಜನರ ನಂಬಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಬಂದಾಗ ಜಗಲಿಯಲ್ಲಿ, ಭಾನುವಾರದ ಫೋನಿನಲ್ಲಿ, ಇಲ್ಲಿನ ಕನ್ನಡ ಸಂಘದ ಊಟದ ಸಾಲಿನಲ್ಲಿ ನನಗೆ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಾನು ಒಹಾಯೊದಲ್ಲಿದ್ದು ಹದಿನೆಂಟು ವರ್ಷವಾಯಿತು. ಅಮೆರಿಕದ ರಾಜಕೀಯದಲ್ಲಿ ನನ್ನ ಒಲವು ಲಿಬರಲ್ ಕಡೆಗೆ. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ.

## ಮೊದಲ ಪಾಠ

ಲಿಬರಲ್, ಕನ್ಸರ್ವೇಟಿವ್ ಅಂದ್ರೆ ಏನು? ನಮ್ಮ ಎಡ-ಬಲದ ಥರಾನೇನಾ?

ಪೂರ್ತಿ ಹಾಗಲ್ಲ. ಅಮೆರಿಕದಲ್ಲಿ ಲಿಬರಲ್ ಅಂದರೆ ಸರ್ಕಾರ ಜನರ ಕೈ ಹಿಡಿಯಬೇಕು ಅನ್ನುವವರು. 1935ರಲ್ಲಿ ಬಂದ ವಯಸ್ಸಾದವರ ಪಿಂಚಣಿ, 1965ರಲ್ಲಿ ಬಂದ ವೃದ್ಧರ ಆರೋಗ್ಯ ವಿಮೆ, ಕಪ್ಪು ಜನರ ಮತದಾನದ ಹಕ್ಕು, ಇವೆಲ್ಲ ಅವರು ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸಗಳು. ಕನ್ಸರ್ವೇಟಿವ್ ಅಂದರೆ ತೆರಿಗೆ ಕಡಿಮೆ ಇರಲಿ, ಸರ್ಕಾರ ಚಿಕ್ಕದಿರಲಿ, ಚರ್ಚು, ಕುಟುಂಬ, ಹಳೆಯ ರೂಢಿ ಉಳಿಯಲಿ ಅನ್ನುವವರು. ಮೊದಲಿನವರು ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷದಲ್ಲಿದ್ದಾರೆ, ಎರಡನೆಯವರು ರಿಪಬ್ಲಿಕನ್ ಪಕ್ಷದಲ್ಲಿ. ಬಣ್ಣದ ವಿಷಯದಲ್ಲಿ ನಮ್ಮವರಿಗೆ ಗೊಂದಲ ಆಗುತ್ತದೆ. ಅಲ್ಲಿ ಕೆಂಪು ಅಂದರೆ ಕಮ್ಯುನಿಸ್ಟರಲ್ಲ, ರಿಪಬ್ಲಿಕನ್ನರು. ನೀಲಿ ಡೆಮಾಕ್ರಟರದು. 2000ದ ಚುನಾವಣೆಯ ಟಿವಿ ನಕ್ಷೆಗಳಿಂದ ಈ ಬಣ್ಣಗಳು ಗಟ್ಟಿಯಾಗಿ ಅಂಟಿಕೊಂಡವು.

ಕನ್ಸರ್ವೇಟಿವ್ ಮೀಡಿಯಾ ಅಂದ್ರೆ ಬರೀ ಫಾಕ್ಸ್ ನ್ಯೂಸ್ ತಾನೇ?

ಫಾಕ್ಸ್ ದೊಡ್ಡದು, ಆದರೆ ಅದು ಬಂದಿದ್ದು ತಡವಾಗಿ. 1955ರಲ್ಲೇ ವಿಲಿಯಂ ಬಕ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಶುರು ಮಾಡಿದ್ದರು. 1969ರ ನವೆಂಬರಿನಲ್ಲಿ ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ಡೆಮಾಯ್ನ್ ಊರಿನಲ್ಲಿ ನಿಂತು ಟಿವಿ ಸುದ್ದಿಯವರ ಮೇಲೆ ಹರಿಹಾಯ್ದರು. ಯಾರೂ ಆರಿಸದ ಬೆರಳೆಣಿಕೆಯ ಜನ ನಿಮಗೆ ಏನು ತೋರಿಸಬೇಕು ಅಂತ ತೀರ್ಮಾನ ಮಾಡುತ್ತಿದ್ದಾರೆ ಅನ್ನುವುದು ಅವರ ದೂರು. ಆ ದೂರು ಇವತ್ತಿಗೂ ಹಾಗೇ ನಡೆಯುತ್ತಿದೆ.

ಆಮೇಲೆ ರೇಡಿಯೋ ಬಂತು. 1949ರಿಂದ ಒಂದು ಸರ್ಕಾರಿ ನಿಯಮ ಇತ್ತು: ರೇಡಿಯೋ, ಟಿವಿ ಕೇಂದ್ರಗಳು ವಿವಾದದ ವಿಷಯ ಎತ್ತಿಕೊಂಡರೆ ಬೇರೆ ಬೇರೆ ಕಡೆಯವರ ಮಾತಿಗೂ ಜಾಗ ಕೊಡಬೇಕು. ರೇಗನ್ ಕಾಲದಲ್ಲಿ, 1987ರಲ್ಲಿ, ಅದು ರದ್ದಾಯಿತು. ಮರುವರ್ಷವೇ ಕನ್ಸರ್ವೇಟಿವ್ ಮಾತುಗಾರ ರಶ್ ಲಿಂಬಾ ಅವರ ಕಾರ್ಯಕ್ರಮ ದೇಶದ ತುಂಬ ಕೇಳಿಸತೊಡಗಿತು. ಮುಂದೆ ಅದು 600ಕ್ಕೂ ಹೆಚ್ಚು ಕೇಂದ್ರಗಳಿಗೆ ಹೋಯಿತು. ಟ್ರಕ್ ಓಡಿಸುವವರು, ಗ್ಯಾರೇಜಿನವರು, ಹೊಲದವರು ದಿನಾ ಮೂರು ಗಂಟೆ ಒಬ್ಬನದೇ ಧ್ವನಿ ಕೇಳುತ್ತಿದ್ದರು. ಅವನು ಮನೆಯವನಂತೆ ಆಗಿಬಿಡುತ್ತಾನೆ, ಅಲ್ವಾ?

ಪತ್ರಿಕೆ, ಟಿವಿ ಉದ್ಯಮಿ ರೂಪರ್ಟ್ ಮರ್ಡಾಕ್ ಮತ್ತು ರೋಜರ್ ಏಲ್ಸ್ ಸೇರಿ ಫಾಕ್ಸ್ ನ್ಯೂಸ್ ತೆರೆದಿದ್ದು 1996ರ ಅಕ್ಟೋಬರಿನಲ್ಲಿ. ಏಲ್ಸ್ ಅದಕ್ಕೂ ಮುಂಚೆ ನಿಕ್ಸನ್, ರೇಗನ್, ಹಿರಿಯ ಬುಷ್ ಅವರಿಗೆ ಪ್ರಚಾರದ ಪಾಠ ಹೇಳಿಕೊಟ್ಟವರು. ಫಾಕ್ಸ್‌ನ ಬಲಕ್ಕೆ ನ್ಯೂಸ್‌ಮ್ಯಾಕ್ಸ್ ಅನ್ನುವ ಚಾನೆಲ್ ಇದೆ. ಈಗ ಯೂಟ್ಯೂಬ್, ಪಾಡ್‌ಕಾಸ್ಟ್‌ನವರಂತೂ ಲೆಕ್ಕವಿಲ್ಲದಷ್ಟು ಇದ್ದಾರೆ.

ಅಲ್ಲಿಯ ಜನ ಪೇಪರ್, ಟಿವಿ ನಂಬೋದೇ ಇಲ್ವಂತೆ. ನಿಜಾನಾ?

ನಿಜ. ಗ್ಯಾಲಪ್ ಸಂಸ್ಥೆ ಎಷ್ಟೋ ವರ್ಷಗಳಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದೆ: ಪತ್ರಿಕೆ, ಟಿವಿ, ರೇಡಿಯೋಗಳು ಸುದ್ದಿಯನ್ನು ಪೂರ್ತಿಯಾಗಿ, ಸರಿಯಾಗಿ, ನ್ಯಾಯವಾಗಿ ಕೊಡುತ್ತವೆ ಅಂತ ನಿಮಗೆ ಎಷ್ಟು ನಂಬಿಕೆ? 1976ರಲ್ಲಿ 72% ಜನ ‘ಸಾಕಷ್ಟು’ ಅಥವಾ ‘ತುಂಬಾ’ ಅಂದಿದ್ದರು. 2025ರಲ್ಲಿ ಹಾಗೆ ಹೇಳಿದವರು 28%. ರಿಪಬ್ಲಿಕನ್ನರಲ್ಲಿ ಬರೀ 8%. ಡೆಮಾಕ್ರಟರಲ್ಲೂ ಅದು ಅರ್ಧದಷ್ಟೇ. ವಿಯೆಟ್ನಾಂ ಯುದ್ಧ, ಅಧ್ಯಕ್ಷ ನಿಕ್ಸನ್ ಕೆಳಗಿಳಿಯಬೇಕಾಗಿ ಬಂದ ವಾಟರ್‌ಗೇಟ್ ಹಗರಣ ಆದಮೇಲೂ ಪತ್ರಕರ್ತರ ಮೇಲೆ ನಂಬಿಕೆ ಗಟ್ಟಿಯಾಗೇ ಇತ್ತು ಅನ್ನುವುದನ್ನು ಗಮನಿಸಿ. ಸರ್ಕಾರದ ಮೇಲಿನ ನಂಬಿಕೆ ಕುಸಿದಾಗ ಪತ್ರಿಕೆಯ ಮೇಲಿನದು ಕುಸಿಯಲಿಲ್ಲ. ಅದು ಬಿದ್ದಿದ್ದು ಆಮೇಲೆ, ನಿಧಾನವಾಗಿ.

ಸುದ್ದಿ ಬೇರೆ, ಅಭಿಪ್ರಾಯ ಬೇರೆ ಅಂತೀರಲ್ಲ. ಟಿವಿ ನೋಡುವಾಗ ಅದು ಹೇಗೆ ಗೊತ್ತಾಗುತ್ತೆ?

ಗೊತ್ತಾಗುವುದು ಕಷ್ಟವೇ. ಪೇಪರಿನಲ್ಲಿ ಸಂಪಾದಕೀಯಕ್ಕೆ ಬೇರೆ ಪುಟ ಇರುತ್ತದೆ. ಟಿವಿಯಲ್ಲಿ ಅದೇ ಮೇಜು, ಅದೇ ಸೂಟು, ಕೆಳಗೆ ಓಡುವ ಅದೇ ಅಕ್ಷರಗಳು. ನಾನು ಮಾಡುವುದು ಇಷ್ಟೇ. ಹತ್ತು ನಿಮಿಷ ಧ್ವನಿ ಕೇಳಿ, ‘ಇವತ್ತು ನನಗೆ ಗೊತ್ತಾದ ಹೊಸ ವಿಷಯ ಏನು?’ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. ಬರೀ ಸಿಟ್ಟು ಬಂದಿದ್ದರೆ ಅದು ಸುದ್ದಿಯಲ್ಲ. ಲಿಬರಲ್ ಚಾನೆಲ್ಲುಗಳ ರಾತ್ರಿಯ ಕಾರ್ಯಕ್ರಮಗಳಿಗೂ ಇದೇ ಪರೀಕ್ಷೆ.

## ಸ್ವಲ್ಪ ಒಳಗೆ

ಡೊಮಿನಿಯನ್ ಕೇಸ್, ಡೊಮಿನಿಯನ್ ಕೇಸ್ ಅಂತ ಯಾವಾಗ್ಲೂ ಹೇಳ್ತೀರಿ. ಅದರಲ್ಲಿ ಅಂಥದ್ದೇನಿದೆ?

ನನ್ನ ಮಟ್ಟಿಗೆ ಎಲ್ಲವೂ ಅದರಲ್ಲಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2020ರ ನವೆಂಬರ್ 3ರ ರಾತ್ರಿ. ಮತ ಎಣಿಕೆ ನಡೆಯುತ್ತಿದೆ. ರಾತ್ರಿ 11.20ಕ್ಕೆ ಫಾಕ್ಸ್ ನ್ಯೂಸ್ ಎಲ್ಲರಿಗಿಂತ ಮುಂಚೆ ‘ಅರಿಜೋನಾ ಬೈಡನ್‌ಗೆ’ ಅಂತ ಘೋಷಿಸಿತು. ಅವರ ಲೆಕ್ಕದ ತಂಡ ಚೆನ್ನಾಗಿ ಕೆಲಸ ಮಾಡಿತ್ತು, ಉತ್ತರವೂ ಸರಿಯಾಗಿತ್ತು. ಬೈಡನ್ ಅಲ್ಲಿ 10,457 ಮತಗಳಿಂದ ಗೆದ್ದರು. ಆದರೆ ಫಾಕ್ಸ್ ನೋಡುಗರು ಉರಿದುಬಿದ್ದರು. ಎಷ್ಟೋ ಜನ ನ್ಯೂಸ್‌ಮ್ಯಾಕ್ಸ್‌ಗೆ ಹೊರಟರು. ಸರಿಯಾದ ಸುದ್ದಿ ಕೊಟ್ಟಿದ್ದಕ್ಕೆ ಗಿರಾಕಿ ಹೋದರು!

ಮುಂದಿನ ವಾರಗಳಲ್ಲಿ ಫಾಕ್ಸ್‌ನ ಹಲವು ಕಾರ್ಯಕ್ರಮಗಳಿಗೆ ಟ್ರಂಪ್ ಪರ ವಕೀಲರು ಬಂದು, ಡೊಮಿನಿಯನ್ ಕಂಪನಿಯ ಮತಯಂತ್ರಗಳು ಟ್ರಂಪ್ ಮತಗಳನ್ನು ಬೈಡನ್‌ಗೆ ತಿರುಗಿಸಿದವು ಅಂದರು. ಕಂಪನಿ ಕೋರ್ಟಿಗೆ ಹೋಯಿತು. ಆಗ ಫಾಕ್ಸ್ ಒಳಗಿನವರ ಮೆಸೇಜುಗಳೆಲ್ಲ ಹೊರಬಂದವು. ಫಾಕ್ಸ್‌ನ ಆಗಿನ ಹೆಸರುವಾಸಿ ನಿರೂಪಕ ಟಕರ್ ಕಾರ್ಲ್‌ಸನ್, ಆ ವಕೀಲರಲ್ಲಿ ಒಬ್ಬಳಾದ ಸಿಡ್ನಿ ಪವೆಲ್ ಸುಳ್ಳು ಹೇಳುತ್ತಿದ್ದಾಳೆ ಅಂತ ಸಹೋದ್ಯೋಗಿಗಳಿಗೆ ಬರೆದಿದ್ದರು. ಆದರೆ ಅವರದೇ ಚಾನೆಲಿನ ವರದಿಗಾರ್ತಿಯೊಬ್ಬಳು, ಮೋಸ ನಡೆದಿದ್ದಕ್ಕೆ ಸಾಕ್ಷಿ ಇಲ್ಲ ಅಂತ ಟ್ವೀಟ್ ಮಾಡಿದಾಗ ಅವರು ಬರೆದಿದ್ದೇನು ಗೊತ್ತಾ? ‘ಅವಳನ್ನು ಕೆಲಸದಿಂದ ತೆಗೆಸಿ. ಇದು ಕಂಪನಿಗೆ ಪೆಟ್ಟು ಕೊಡುತ್ತಿದೆ, ಷೇರಿನ ಬೆಲೆ ಇಳಿದಿದೆ.’ ಅದನ್ನು ಮೊದಲ ಸಲ ಓದಿದಾಗ ನಾನು ಫೋನ್ ಕೆಳಗಿಟ್ಟು ಸುಮ್ನೆ ಕೂತೆ. ನಿಜ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಆದ ತಪ್ಪಲ್ಲ ಇದು.

ಮರ್ಡಾಕ್ ಸ್ವತಃ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ತಮ್ಮ ಕೆಲವು ನಿರೂಪಕರು ಆ ಸುಳ್ಳಿಗೆ ದನಿಗೂಡಿಸಿದ್ದು ಹೌದು ಅಂತ ಒಪ್ಪಿದರು. ದಿಂಬು ಮಾರುವ ಒಬ್ಬ ಜಾಹೀರಾತುದಾರನ ಮಾತು ಬಂದಾಗ ವಕೀಲರು, ಇಲ್ಲಿ ಲೆಕ್ಕಕ್ಕೆ ಬರುವುದು ಕೆಂಪೂ ಅಲ್ಲ, ನೀಲಿಯೂ ಅಲ್ಲ, ಹಸಿರು ಅಲ್ವಾ ಅಂತ ಕೇಳಿದರು. ಮರ್ಡಾಕ್ ಹೌದು ಅಂದರು. ಹಸಿರು ಅಂದರೆ ಡಾಲರ್ ನೋಟಿನ ಬಣ್ಣ.

ಡೆಲವೇರ್‌ನ ನ್ಯಾಯಾಧೀಶ ಎರಿಕ್ ಡೇವಿಸ್ 2023ರ ಮಾರ್ಚಿನಲ್ಲಿ, ಡೊಮಿನಿಯನ್ ಬಗ್ಗೆ ಹೇಳಿದ ಆ ಮಾತುಗಳಲ್ಲಿ ಒಂದೂ ನಿಜವಲ್ಲ ಅನ್ನುವುದು ನಿಚ್ಚಳ ಅಂತ ಬರೆದರು. ಏಪ್ರಿಲ್ 18ರಂದು ಜ್ಯೂರಿಯವರು ಕೂತಿದ್ದರು, ವಾದ ಶುರುವಾಗಬೇಕಿತ್ತು. ಅಷ್ಟರಲ್ಲಿ ಫಾಕ್ಸ್ 78 ಕೋಟಿ 75 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಟಿವಿಯಲ್ಲಿ ಕ್ಷಮೆ ಕೇಳಬೇಕು ಅನ್ನುವ ಷರತ್ತು ರಾಜಿಯಲ್ಲಿ ಇರಲಿಲ್ಲ. ನನಗೆ ಇವತ್ತಿಗೂ ನೋಯುವುದು ಇದೇ. ದುಡ್ಡು ಕಂಪನಿಗೆ ಬಂತು. ಸುಳ್ಳನ್ನು ನಂಬಿ ಅಕ್ಕಪಕ್ಕದವರ ಜೊತೆ ಮಾತು ಬಿಟ್ಟ ನೋಡುಗನಿಗೆ ಏನು ಬಂತು?

ಎರಡೂ ಕಡೆಯವರು ಅಷ್ಟೇ ಅಲ್ವಾ? ನಿಮ್ಮ ಸಿಎನ್‌ಎನ್, ನ್ಯೂಯಾರ್ಕ್ ಟೈಮ್ಸ್ ತಪ್ಪೇ ಮಾಡಿಲ್ವಾ?

ಮಾಡಿವೆ. ದೊಡ್ಡ ತಪ್ಪುಗಳನ್ನೇ ಮಾಡಿವೆ. 2003ರ ಇರಾಕ್ ಯುದ್ಧಕ್ಕೆ ಮುಂಚೆ, ಅಲ್ಲಿ ಮಾರಕ ಅಸ್ತ್ರಗಳಿವೆ ಅನ್ನುವ ಸರ್ಕಾರದ ಮಾತನ್ನು ನ್ಯೂಯಾರ್ಕ್ ಟೈಮ್ಸ್ ಸರಿಯಾಗಿ ಕೆದಕದೆ ಮೊದಲ ಪುಟದಲ್ಲಿ ಹಾಕಿತು. ಅದರ ಬೆಲೆ ಜನರ ಪ್ರಾಣ. ಕೊರೊನಾ ವೈರಸ್ ಪ್ರಯೋಗಾಲಯದಿಂದ ಬಂದಿರಬಹುದೇ ಅನ್ನುವ ಪ್ರಶ್ನೆಯನ್ನು 2020ರಲ್ಲಿ ನಮ್ಮ ಕಡೆಯ ಎಷ್ಟೋ ಜನ ಕೇಳುವ ಮುಂಚೆಯೇ ತಳ್ಳಿಹಾಕಿದರು. ಬೈಡನ್ ವಯಸ್ಸಿನ ವಿಷಯವೂ ಅಷ್ಟೇ. ಇದರಲ್ಲಿ ನನ್ನ ತಪ್ಪೂ ಇದೆ. ‘ಅದೆಲ್ಲ ವಿರೋಧಿಗಳ ಪ್ರಚಾರ’ ಅಂತ ನಾನೇ ಹತ್ತಾರು ಜನಕ್ಕೆ ಹೇಳಿದ್ದೆ. 2024ರ ಜೂನ್ 27ರಂದು ಟ್ರಂಪ್ ಜೊತೆಗಿನ ಟಿವಿ ಚರ್ಚೆಯಲ್ಲಿ ಬೈಡನ್ ತಡವರಿಸಿದ್ದನ್ನು ನೋಡಿದ ರಾತ್ರಿ ಅವರಲ್ಲಿ ಒಬ್ಬರು ಫೋನ್ ಮಾಡಿ, ‘ಈಗೇನಂತೀರಿ?’ ಅಂದರು. ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಹೇಳಿದ್ದೇ ಸರಿಯಾಗಿತ್ತು.

ಆದರೂ ‘ಎಲ್ಲರೂ ಅಷ್ಟೇ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ತಪ್ಪಾದ ಮೇಲೆ ಏನು ಮಾಡುತ್ತಾರೆ ಅಂತ ನೋಡಿ. ಟೈಮ್ಸ್ 2004ರ ಮೇ ತಿಂಗಳಲ್ಲಿ ತನ್ನ ಇರಾಕ್ ವರದಿಗಳಲ್ಲಿ ಎಲ್ಲೆಲ್ಲಿ ಎಡವಿದೆ ಅಂತ ಓದುಗರ ಮುಂದೆ ಬರೆಯಿತು. ತಡವಾಗಿಯೇ ಬರೆಯಿತು, ಆದರೆ ಬರೆಯಿತು. 2017ರ ಜೂನ್‌ನಲ್ಲಿ ಸಿಎನ್‌ಎನ್ ಟ್ರಂಪ್ ಕಡೆಯವರೊಬ್ಬರ ಬಗ್ಗೆ ಹಾಕಿದ್ದ ಸುದ್ದಿಯನ್ನು ವಾಪಸ್ ತೆಗೆದುಕೊಂಡಿತು. ಮೂವರು ಪತ್ರಕರ್ತರು ಕೆಲಸ ಬಿಟ್ಟರು. ಫಾಕ್ಸ್‌ನಲ್ಲಿ ಆಗಿದ್ದು ಉಲ್ಟಾ. ಅರಿಜೋನಾದ ಸರಿಯಾದ ಲೆಕ್ಕವನ್ನು ಟಿವಿಯಲ್ಲಿ ಸಮರ್ಥಿಸಿಕೊಂಡ ಕ್ರಿಸ್ ಸ್ಟೈರ್‌ವಾಲ್ಟ್ 2021ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು.

ಲಿಬರಲ್‌ಗಳು ತಮ್ಮದೇ ಒಬ್ಬ ರಶ್ ಲಿಂಬಾನನ್ನ ಯಾಕೆ ಬೆಳೆಸಲಿಲ್ಲ?

ಪ್ರಯತ್ನ ಆಯಿತು. ಏರ್ ಅಮೆರಿಕ ಅನ್ನುವ ರೇಡಿಯೋ ಜಾಲ 2004ರಲ್ಲಿ ಶುರುವಾಗಿ 2010ರಲ್ಲಿ ಮುಚ್ಚಿತು. ಲಿಬರಲ್ ಕೇಳುಗರಿಗೆ ಮೊದಲೇ ಸಾರ್ವಜನಿಕ ರೇಡಿಯೋ ಇತ್ತು, ದೊಡ್ಡ ಪತ್ರಿಕೆಗಳಿದ್ದವು. ‘ನಮ್ಮ ಮಾತು ಎಲ್ಲೂ ಬರುತ್ತಿಲ್ಲ’ ಅನ್ನುವ ಹಸಿವು ಅವರಿಗೆ ಅಷ್ಟಾಗಿ ಇರಲಿಲ್ಲ. ಲಿಂಬಾ ಆ ಹಸಿವಿಗೆ ಊಟ ಹಾಕಿದರು. ಆ ಹಸಿವು ಸುಳ್ಳಲ್ಲ ಅನ್ನುವುದನ್ನು ನಮ್ಮ ಕಡೆಯವರು ಒಪ್ಪಬೇಕು. ದೊಡ್ಡ ಪತ್ರಿಕೆಗಳ ಕೋಣೆಗಳಲ್ಲಿ ಚರ್ಚಿಗೆ ಹೋಗುವವರು, ಹೊಲದಿಂದ ಬಂದವರು ಕಡಿಮೆಯೇ.

ಇದೆಲ್ಲ ವಾಷಿಂಗ್ಟನ್ ಜಗಳ. ಸಣ್ಣ ಊರಿನವರಿಗೆ ಇದರಿಂದ ಏನಾಗಬೇಕು?

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಇಲ್ಲೇ.

ನಾನಿರುವ ಊರಿನಲ್ಲಿ ಒಂದು ವಾರಪತ್ರಿಕೆ ಇತ್ತು. ಹನ್ನೆರಡು ಪುಟ. ಶಾಲೆಯ ಫುಟ್‌ಬಾಲ್ ಪಂದ್ಯ, ಸತ್ತವರ ಸುದ್ದಿ, ಯಾವ ರಸ್ತೆಗೆ ಡಾಂಬರು. ಊರಿನ ಸಭೆ ನಡೆದಾಗ ಅದರ ವರದಿಗಾರ್ತಿ ಮುಂದಿನ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕೂರುತ್ತಿದ್ದರು. ಸುರುಳಿ ತಂತಿಯ ನೋಟ್‌ಬುಕ್, ಕಿವಿಯ ಮೇಲೆ ಇನ್ನೊಂದು ಪೆನ್ನು. ಅವರು ಕೂತಿದ್ದಾರೆ ಅಂತಲೇ ಸದಸ್ಯರು ಲೆಕ್ಕವನ್ನು ಎರಡು ಸಲ ನೋಡಿ ಹೇಳುತ್ತಿದ್ದರು. ಪತ್ರಿಕೆ ನಿಂತುಹೋಯಿತು. ಹೋದ ವರ್ಷ ನೀರಿನ ಬಿಲ್ಲು ಮೂರು ಪಟ್ಟು ಆಗುತ್ತದೆ ಅನ್ನುವ ಸುದ್ದಿ ಫೇಸ್‌ಬುಕ್‌ನಲ್ಲಿ ಹಬ್ಬಿತು. ಸಭೆಗೆ ಇನ್ನೂರು ಜನ ಬಂದು ಕೂಗಾಡಿದರು. ಅಂಥ ಪ್ರಸ್ತಾಪವೇ ಇರಲಿಲ್ಲ. ‘ಇಲ್ಲ’ ಅಂತ ಸದಸ್ಯರು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಹೌದೋ ಅಲ್ಲವೋ ಅಂತ ನೋಡಿ ಹೇಳುವ ಮೂರನೆಯವರು ಅಲ್ಲಿ ಇರಲಿಲ್ಲ. ಆ ಎಡತುದಿಯ ಕುರ್ಚಿಯಲ್ಲಿ ಯಾರದೋ ಜಾಕೆಟ್ ಇತ್ತು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2005ರಿಂದ ಈಚೆಗೆ ಅಮೆರಿಕದ ಪತ್ರಿಕೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮುಚ್ಚಿಹೋಗಿವೆ. ಖಾಲಿಯಾದ ಜಾಗವನ್ನು ತುಂಬುವುದು ದೂರದ ಸಿಟ್ಟು. 2018ರಲ್ಲಿ ಸಿಂಕ್ಲೇರ್ ಕಂಪನಿ ತನ್ನ ಹತ್ತಾರು ಊರುಗಳ ಟಿವಿ ನಿರೂಪಕರಿಂದ ಒಂದೇ ಬರಹವನ್ನು ಓದಿಸಿತು. ಸುಳ್ಳು ಸುದ್ದಿಯ ಹಾವಳಿ ನಮ್ಮ ಪ್ರಜಾಪ್ರಭುತ್ವಕ್ಕೆ ತೀರಾ ಅಪಾಯ ಅನ್ನುವ ಸಾಲು ಅದರಲ್ಲಿತ್ತು. ಯಾರೋ ಆ ವಿಡಿಯೋಗಳನ್ನೆಲ್ಲ ಒಟ್ಟಿಗೆ ಜೋಡಿಸಿದರು. ಜನ ತಮ್ಮೂರಿನವರು ಅಂತ ನಂಬಿದ ಮುಖಗಳೆಲ್ಲ ಒಂದೇ ಮಾತನ್ನು ಒಂದೇ ರಾಗದಲ್ಲಿ ಹೇಳುತ್ತಿದ್ದವು. ಇನ್ನು 2025ರ ಜುಲೈನಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸಾರ್ವಜನಿಕ ರೇಡಿಯೋ, ಟಿವಿಗೆ ಕೊಡಬೇಕಿದ್ದ ಸುಮಾರು 110 ಕೋಟಿ ಡಾಲರನ್ನು ವಾಪಸ್ ಪಡೆಯಿತು. ನ್ಯೂಯಾರ್ಕಿನ ಕೇಂದ್ರಕ್ಕೆ ದಾನಿಗಳು ಸಿಗುತ್ತಾರೆ. ಅಲಾಸ್ಕದ ಹಳ್ಳಿಯ ಕೇಂದ್ರಕ್ಕೆ ಎಲ್ಲಿಂದ ಬರಬೇಕು?

ನಮ್ಮ ಕನ್ನಡದವರು ಯಾರಾದ್ರೂ ಇದರ ಮಧ್ಯೆ ಇದ್ದಾರಾ?

ಡಾ. ವಿವೇಕ್ ಮೂರ್ತಿ. ಅವರ ಮನೆತನದ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಒಬಾಮ ಕಾಲದಲ್ಲೂ ಬೈಡನ್ ಕಾಲದಲ್ಲೂ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯ, ಆಗಿದ್ದವರು. 2021ರ ಜುಲೈನಲ್ಲಿ ಅವರು ಆರೋಗ್ಯದ ಬಗ್ಗೆ ಹರಡುವ ತಪ್ಪು ಮಾಹಿತಿಯೇ ಜನರ ಆರೋಗ್ಯಕ್ಕೆ ಅಪಾಯ ಅಂತ ಅಧಿಕೃತ ಎಚ್ಚರಿಕೆ ಹೊರಡಿಸಿದರು. ಸಿಗರೇಟಿನಂಥ ವಿಷಯಗಳಿಗೆ ಕೊಡುವ ಎಚ್ಚರಿಕೆಯನ್ನು ಸುಳ್ಳಿಗೂ ಕೊಟ್ಟರು. ಸರ್ಕಾರ ನಮ್ಮ ಬಾಯಿ ಮುಚ್ಚಿಸಲು ಹೊರಟಿದೆ ಅಂತ ಕನ್ಸರ್ವೇಟಿವ್‌ಗಳು ಅದನ್ನು ವಿರೋಧಿಸಿದರು. ನನಗೆ ಮೂರ್ತಿಯವರ ಕಾಳಜಿ ಸರಿ ಅನಿಸುತ್ತದೆ. ಆದರೆ ವೈದ್ಯರನ್ನೇ ನಂಬದ ಜನಕ್ಕೆ ವೈದ್ಯರ ಎಚ್ಚರಿಕೆ ತಲುಪುವುದು ಹೇಗೆ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

## ಇನ್ನೂ ಕಷ್ಟದ ಪ್ರಶ್ನೆಗಳು

ಅಷ್ಟೊಂದು ಸುಳ್ಳು ಹೇಳೋ ಚಾನೆಲನ್ನ ಸರ್ಕಾರ ಮುಚ್ಚಿಸಬಾರದಾ?

ಬೇಡ. ಮಾತಿನ, ಪತ್ರಿಕೆಯ ಸ್ವಾತಂತ್ರ್ಯ ಕಾಯುವ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಅದಕ್ಕೆ ಬಿಡುವುದೂ ಇಲ್ಲ. ಕಾನೂನು ಇಲ್ಲದಿದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ.

1960ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಬೆಂಬಲಿಗರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಜಾಹೀರಾತು ಹಾಕಿದರು. ಅದರಲ್ಲಿ ಕೆಲವು ಸಣ್ಣ ತಪ್ಪುಗಳಿದ್ದವು. ಅಲಬಾಮಾದ ಅಧಿಕಾರಿ ಸಲಿವನ್ ಮಾನನಷ್ಟ ಅಂತ ಕೋರ್ಟಿಗೆ ಹೋದರು. ಅಲ್ಲಿನ ಜ್ಯೂರಿ 5 ಲಕ್ಷ ಡಾಲರ್ ಕೊಡಿಸಿತು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಧಿಕಾರದಲ್ಲಿರುವವರು ಗೆಲ್ಲಬೇಕಾದರೆ, ಸುಳ್ಳು ಅಂತ ಗೊತ್ತಿದ್ದೇ ಅಥವಾ ನಿಜವೋ ಸುಳ್ಳೋ ಅನ್ನುವ ಪರಿವೆಯೇ ಇಲ್ಲದೆ ಬರೆದರು ಅಂತ ತೋರಿಸಬೇಕು ಅಂದಿತು. ಕಪ್ಪು ಜನರ ಹೋರಾಟದ ಸುದ್ದಿ ದೇಶಕ್ಕೆ ತಲುಪುವುದಕ್ಕೆ ಆ ತೀರ್ಪು ದೊಡ್ಡ ಆಸರೆ ಆಯಿತು. ಅದೇ ಕಟ್ಟುನಿಟ್ಟಿನ ಅಳತೆ ಇದ್ದರೂ ಫಾಕ್ಸ್ ಅಷ್ಟು ದುಡ್ಡು ಕಟ್ಟಬೇಕಾಯಿತು. ಆ ಮೆಸೇಜುಗಳು ಅಷ್ಟು ಸ್ಪಷ್ಟವಾಗಿದ್ದವು.

ಸರ್ಕಾರದ ಕೈಗೆ ಕೋಲು ಕೊಟ್ಟರೆ ಏನಾಗುತ್ತದೆ ಅಂತ 2025ರ ಸೆಪ್ಟೆಂಬರಿನಲ್ಲಿ ನೋಡಿದೆವು. ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಅವರ ಮಾತೊಂದಕ್ಕೆ ಸರ್ಕಾರದ ಪ್ರಸಾರ ಆಯೋಗದ ಅಧ್ಯಕ್ಷ ಬ್ರೆಂಡನ್ ಕಾರ್ ಬಹಿರಂಗವಾಗಿ ಬೆದರಿಕೆ ಹಾಕಿದರು. ಎಬಿಸಿ ಚಾನೆಲ್ ಕಿಮ್ಮೆಲ್ ಕಾರ್ಯಕ್ರಮವನ್ನು ಕೆಲವು ದಿನ ನಿಲ್ಲಿಸಿತು. ಜನ ಗಲಾಟೆ ಮಾಡಿದ ಮೇಲೆ ಅದು ವಾಪಸ್ ಬಂತು. ಫಾಕ್ಸ್ ಮುಚ್ಚಿಸಿ ಅಂತ ಹೇಳುವ ನನ್ನ ಗೆಳೆಯರಿಗೆ ನಾನು ಆ ವಾರವನ್ನು ನೆನಪಿಸುತ್ತೇನೆ.

ಚಾನೆಲ್ ಬದಲಾಯಿಸಿದ್ರೆ ಮನಸ್ಸು ಬದಲಾಗುತ್ತಾ?

ಸ್ವಲ್ಪ ಬದಲಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಅನ್ನುವ ಇಬ್ಬರು ಸಂಶೋಧಕರು ದಿನಾ ಫಾಕ್ಸ್ ನೋಡುವ ಕೆಲವರಿಗೆ ಗಂಟೆಗೆ 15 ಡಾಲರ್ ಕೊಟ್ಟು ಒಂದು ತಿಂಗಳು ಸಿಎನ್‌ಎನ್ ತೋರಿಸಿದರು. ಕೊರೊನಾ ಬಗ್ಗೆ, ಅಂಚೆ ಮತದ ಬಗ್ಗೆ ಅವರ ತಿಳಿವಳಿಕೆ ಬದಲಾಯಿತು. ಟ್ರಂಪ್ ತಪ್ಪು ಮಾಡಿದರೆ ಫಾಕ್ಸ್ ಅದನ್ನು ತೋರಿಸುವುದಿಲ್ಲ ಅನ್ನುವ ಅನುಮಾನವೂ ಹುಟ್ಟಿತು. ದುಡ್ಡು ನಿಂತ ಮೇಲೆ ಹೆಚ್ಚಿನವರು ಮತ್ತೆ ಫಾಕ್ಸ್‌ಗೇ ಹೋದರು. ನನಗೆ ಇದರಲ್ಲಿ ಭರವಸೆಯೂ ಕಾಣುತ್ತದೆ. ಅವರು ದಡ್ಡರಲ್ಲ, ಅವರ ಮನಸ್ಸು ಕಲ್ಲೂ ಅಲ್ಲ. ಬೇರೆ ಸುದ್ದಿ ಸಿಕ್ಕಾಗ ತಗೊಂಡರು.

ಇನ್ನೊಂದು ಹಳೆಯ ಪ್ರಯೋಗ ಇದೆ, 1985ರಲ್ಲಿ ಪ್ರಕಟವಾಗಿದ್ದು. ಸ್ಟ್ಯಾನ್‌ಫರ್ಡ್‌ನಲ್ಲಿ ಇಸ್ರೇಲ್ ಪರ ಇರುವವರಿಗೂ ಅರಬ್ಬರ ಪರ ಇರುವವರಿಗೂ 1982ರ ಬೈರೂತ್ ಹತ್ಯಾಕಾಂಡದ ಅದೇ ಟಿವಿ ವರದಿಗಳನ್ನು ತೋರಿಸಿದರು. ಇಬ್ಬರಿಗೂ ಅವು ತಮ್ಮ ವಿರುದ್ಧ ಇವೆ ಅನಿಸಿತು. ಹಾಗಾಗಿ ‘ಪಕ್ಷಪಾತ!’ ಅಂತ ನನಗೆ ಸಿಟ್ಟು ಬಂದಾಗಲೆಲ್ಲ ಅದರಲ್ಲಿ ಒಂದು ಪಾಲು ನನ್ನದೇ ಇರಬಹುದು.

ನಮ್ಮ ದೊಡ್ಡಪ್ಪ ಡಲ್ಲಾಸ್‌ನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಫಾಕ್ಸ್ ಹಾಕ್ಕೊಂಡಿರ್ತಾರೆ. ಅವರ ಹತ್ರ ಹೇಗೆ ಮಾತಾಡೋದು?

ಟಿವಿ ಬಗ್ಗೆ ಮಾತಾಡಬೇಡಿ. ಮೊದಲು ಅವರ ಬಗ್ಗೆ ಮಾತಾಡಿ. ಮಕ್ಕಳು ದೂರ ಹೋಗಿರುತ್ತಾರೆ, ಫೋನ್ ವಾರಕ್ಕೊಮ್ಮೆ. ಮನೆಯಲ್ಲಿ ಮನುಷ್ಯರ ದನಿ ಅಂದರೆ ಆ ಟಿವಿಯದೇ.

ನನ್ನ ಪಕ್ಕದ ಮನೆಯ ಅಜ್ಜ ಹಾಗೇ. ಗೋಡೆಯ ಆ ಕಡೆಯಿಂದ ಫಾಕ್ಸ್ ನನಗೂ ಕೇಳಿಸುತ್ತದೆ. ಹಿಮ ಬಿದ್ದ ದಿನ ನಾನು ಏಳುವ ಮುಂಚೆ ನಮ್ಮ ಮನೆಯ ಮುಂದಿನ ಹಿಮವನ್ನೂ ಅವರೇ ಎತ್ತಿರುತ್ತಾರೆ. ವಲಸೆ ಬಂದವರ ಬಗ್ಗೆ ಅವರು ಒಮ್ಮೆ ಹೇಳಿದ ಮಾತು ನನಗೆ ತುಂಬ ನೋವು ಕೊಟ್ಟಿತು. ‘ನಾನೂ ವಲಸೆ ಬಂದವನೇ’ ಅಂದೆ. ‘ನಿನ್ನನ್ನು ನನಗೆ ಗೊತ್ತಲ್ಲ’ ಅಂದರು. ಆ ಉತ್ತರದ ಮೇಲೆ ನಾನು ಎಷ್ಟೋ ದಿನ ಯೋಚನೆ ಮಾಡಿದೆ. ಆಮೇಲೆ ಅವರನ್ನು ನಮ್ಮ ಮನೆಯ ಯುಗಾದಿ ಊಟಕ್ಕೆ ಕರೆದೆ. ಬಂದವರಲ್ಲಿ ಹತ್ತು ಜನರ ಹೆಸರು ಕಲಿತುಕೊಂಡು ಹೋದರು. ಮತ ಬದಲಾಯಿಸಿದರಾ ಅಂತ ನಾನು ಕೇಳಿಲ್ಲ.

ನಿಮ್ಮ ದೊಡ್ಡಪ್ಪನಿಗೂ ವಾದದಲ್ಲಿ ಗೆಲ್ಲಲು ಹೋಗಬೇಡಿ. ‘ಇದು ಎಲ್ಲಿ ಬಂತು ದೊಡ್ಡಪ್ಪ? ಬನ್ನಿ, ಇಬ್ಬರೂ ಸೇರಿ ನೋಡೋಣ’ ಅಂತ ಒಂದೇ ಒಂದು ವಿಷಯ ಎತ್ತಿಕೊಳ್ಳಿ. ಹುಡುಕಿದಾಗ ಅವರದೇ ಸರಿ ಅಂತ ಬಂದರೆ ಒಪ್ಪಿಕೊಳ್ಳಿ. ಅದನ್ನು ಅವರು ಮರೆಯುವುದಿಲ್ಲ.

ನೀವೇ ಲಿಬರಲ್. ನಿಮ್ಮ ಮಾತನ್ನ ನಾನ್ಯಾಕೆ ನಂಬಬೇಕು?

ನನ್ನ ಮುಖ ನೋಡಿ ನಂಬಬೇಡಿ. ಡೊಮಿನಿಯನ್ ಕೇಸಿನ ಕಾಗದಗಳು ಎಲ್ಲರಿಗೂ ಸಿಗುತ್ತವೆ, ಓದಿ. ಗ್ಯಾಲಪ್ ಪ್ರತಿ ವರ್ಷ ತನ್ನ ಅಂಕಿಗಳನ್ನು ಹಾಕುತ್ತದೆ, ನೋಡಿ.

ಕೆಲವು ವರ್ಷಗಳ ಹಿಂದೆ ಕನ್ನಡ ಸಂಘದ ಮಾತುಕತೆಯೊಂದರಲ್ಲಿ, ಬೇರೆ ಬೇರೆ ಕಡೆಯವರ ಮಾತಿಗೂ ಜಾಗ ಕೊಡಬೇಕು ಅನ್ನುವ ನಿಯಮ 1987ರಲ್ಲಿ ರದ್ದಾಗಿದ್ದರಿಂದಲೇ ಫಾಕ್ಸ್ ನ್ಯೂಸ್ ಹುಟ್ಟಿತು ಅಂತ ನಾನು ಹೇಳಿದ್ದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ನಿವೃತ್ತ ಎಂಜಿನಿಯರ್, ಊಟದ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದರು. ‘ಆ ನಿಯಮ ಇದ್ದಿದ್ದು ಗಾಳಿಯಲ್ಲಿ ಬರುವ ಪ್ರಸಾರಕ್ಕೆ ಕಣಪ್ಪ. ಫಾಕ್ಸ್ ನ್ಯೂಸ್ ಕೇಬಲ್ ಚಾನೆಲ್ಲು. ನಿಯಮ ಇದ್ದಿದ್ದರೂ ಅದಕ್ಕೆ ತಾಗುತ್ತಿರಲಿಲ್ಲ’ ಅಂದರು. ಮನೆಗೆ ಹೋಗಿ ಓದಿದೆ. ಅವರು ಹೇಳಿದ್ದೇ ಸರಿ. ನಿಯಮ ಹೋಗಿದ್ದು ಲಿಂಬಾ ಅವರ ರೇಡಿಯೋಗೆ ದಾರಿ ಮಾಡಿತು, ಫಾಕ್ಸ್‌ಗಲ್ಲ. ಮುಂದಿನ ತಿಂಗಳು ಅದೇ ಸಭೆಯಲ್ಲಿ ಎದ್ದುನಿಂತು ಹಾಗಂತ ಹೇಳಿದೆ. ಆ ಹಿರಿಯರು ರಿಪಬ್ಲಿಕನ್. ಈಗ ನಾನು ಏನಾದರೂ ಬರೆದರೆ ಮೊದಲು ಅವರಿಗೇ ಕಳಿಸುತ್ತೇನೆ. ಇದನ್ನೂ ಕಳಿಸಿದ್ದೆ. ಎರಡು ಕಡೆ ತಿದ್ದಿ ಕೊಟ್ಟಿದ್ದಾರೆ, ಒಂದು ಕಡೆ ‘ಒಪ್ಪುವುದಿಲ್ಲ’ ಅಂತ ಬರೆದಿದ್ದಾರೆ. ಅದು ‘ಎಲ್ಲರೂ ಅಷ್ಟೇ’ ಅನ್ನುವ ಪ್ರಶ್ನೆಯ ಉತ್ತರ. ಆ ಚರ್ಚೆ ಇನ್ನೂ ಮುಗಿದಿಲ್ಲ.